ಆದಿಸಭೆಯಲ್ಲಿ ಪರಸ್ಪರ ಪೋಷಣೆ: ಮೊದಲ ಮೂರು ಶತಮಾನಗಳ ವ್ಯವಸ್ಥೆ

ಕ್ರೈಸ್ತ ಸಭೆಯವರು ಒಬ್ಬರಿಗೊಬ್ಬರು ಆಸರೆಯಾಗಬೇಕೆಂಬ ಬೋಧನೆ ಹೊಸ ಒಡಂಬಡಿಕೆಯಷ್ಟೇ ಹಳೆಯದು. ಅದು ಆಚರಣೆಗೆ ಇಳಿದದ್ದು ಹೇಗೆ? ಹಣ ಎಲ್ಲಿಂದ ಬರುತ್ತಿತ್ತು, ಯಾರು ಹಂಚುತ್ತಿದ್ದರು, ಯಾರ ಕೈ ಸೇರುತ್ತಿತ್ತು? ಕ್ರಿಸ್ತಶಕದ ಮೊದಲ ಮೂರು ಶತಮಾನಗಳ ಪತ್ರಗಳು, ಸಮರ್ಥನಾ ಗ್ರಂಥಗಳು ಮತ್ತು ನಾಲ್ಕನೆಯ ಶತಮಾನದ ಆರಂಭದ ಒಂದು ಸರ್ಕಾರಿ ದಾಖಲೆ ಈ ಪ್ರಶ್ನೆಗಳಿಗೆ ನೇರ ಉತ್ತರ ಕೊಡುತ್ತವೆ. ಈ ಆಕರಗಳನ್ನು ಒಟ್ಟಿಗೆ ಓದಿದರೆ ಒಂದು ಸಂಗತಿ ಖಚಿತವಾಗುತ್ತದೆ: ಆದಿಸಭೆಯ ಪ್ರೀತಿ ಬಾಳಿಕೆ ಬಂದದ್ದು ಅದರ ಹಿಂದೆ ಕ್ರಮಬದ್ಧವಾದ ಏರ್ಪಾಡು ಇದ್ದುದರಿಂದ.

ದೂರಿನಿಂದ ಹುಟ್ಟಿದ ಏರ್ಪಾಡು

ಮೊದಲ ಏರ್ಪಾಡಿಗೆ ಕಾರಣವಾದದ್ದು ಒಂದು ಜಗಳ. ಯೆರೂಸಲೇಮಿನ ಸಭೆಯಲ್ಲಿ ದಿನನಿತ್ಯದ ಹಂಚಿಕೆಯ ವೇಳೆ ಗ್ರೀಕ್ ಮಾತಾಡುವ ವಿಧವೆಯರನ್ನು ಕಡೆಗಣಿಸಲಾಗುತ್ತಿದೆ ಎಂಬ ದೂರು ಎದ್ದಿತೆಂದು 'ಅಪೊಸ್ತಲರ ಕೃತ್ಯಗಳು' ಗ್ರಂಥದ 6ನೇ ಅಧ್ಯಾಯ ತಿಳಿಸುತ್ತದೆ. ಸಭೆ ದೂರನ್ನು ಮುಚ್ಚಿಹಾಕಲಿಲ್ಲ. ಏಳು ಮಂದಿಯನ್ನು ಆರಿಸಿ ಹಂಚಿಕೆಯ ಹೊಣೆಯನ್ನು ಅವರಿಗೆ ಒಪ್ಪಿಸಿತು. ಆ ಏಳು ಹೆಸರುಗಳೂ ಗ್ರೀಕ್ ಹೆಸರುಗಳೇ. ಅನ್ಯಾಯಕ್ಕೆ ಒಳಗಾದವರ ಕಡೆಯವರಿಗೇ ಅಧಿಕಾರ ಸಿಕ್ಕಿತೆಂದು ಇದರಿಂದ ಊಹಿಸಬಹುದು. ಮುಂದೆ ತಿಮೊಥೆಯನಿಗೆ ಬರೆದ ಮೊದಲ ಪತ್ರದಲ್ಲಿ ವಿಧವೆಯರ ಪಟ್ಟಿಗೆ 60 ವರ್ಷದ ವಯೋಮಿತಿ ಕಾಣಿಸಿಕೊಳ್ಳುತ್ತದೆ. ಸಂಬಂಧಿಕರಿರುವ ವಿಧವೆಯರನ್ನು ಮನೆಯವರೇ ನೋಡಿಕೊಳ್ಳಬೇಕು, ದಿಕ್ಕಿಲ್ಲದವರಿಗೆ ಸಭೆಯ ನೆರವು ಉಳಿಯಬೇಕು ಎಂಬುದು ಅಲ್ಲಿನ ನಿಯಮ.

ಕಾಣಿಕೆ ಮತ್ತು ಉಗ್ರಾಣ

ಸುಮಾರು ಕ್ರಿ.ಶ. 155ರಲ್ಲಿ ರೋಮಿನಲ್ಲಿದ್ದ ಜಸ್ಟಿನ್ ಭಾನುವಾರದ ಆರಾಧನೆಯನ್ನು ವಿವರಿಸುತ್ತಾನೆ. ಅನುಕೂಲವಿದ್ದವರು ಮನಸ್ಸು ಬಂದಷ್ಟು ಕೊಡುತ್ತಿದ್ದರು. ಸಂಗ್ರಹವಾದದ್ದು ಸಭೆ ನಡೆಸುವವನ ಬಳಿ ಇರುತ್ತಿತ್ತು. ಅನಾಥರು, ವಿಧವೆಯರು, ರೋಗಿಗಳು, ಸೆರೆಯಾಳುಗಳು ಮತ್ತು ಪರಸ್ಥಳದಿಂದ ಬಂದವರ ಪಾಲನೆ ಅವನ ಹೊಣೆ. ಆರಾಧನೆಗೆ ಬರಲಾಗದವರಿಗೆ ಸಭಾಸೇವಕರು ಪವಿತ್ರ ಭೋಜನದ ಪಾಲನ್ನು ಮನೆಗೇ ಒಯ್ಯುತ್ತಿದ್ದರು. ಕಾರ್ತೇಜಿನ ತೆರ್ತುಲಿಯನ್ 197ರ ಸುಮಾರಿಗೆ ತಿಂಗಳ ಕಾಣಿಕೆಯ ಬಗ್ಗೆ ಬರೆಯುತ್ತ, ಬಡವರ ಶವಸಂಸ್ಕಾರ, ಮನೆಹಿಡಿದ ಮುದುಕರು, ಹಡಗು ಮುಳುಗಿ ನೆಲೆ ಕಳೆದುಕೊಂಡವರು, ಗಣಿಶಿಕ್ಷೆಗೆ ಒಳಗಾದವರು ಎಂದು ಪಟ್ಟಿಯನ್ನು ಇನ್ನಷ್ಟು ಬೆಳೆಸುತ್ತಾನೆ. ಕೊಡಲು ಏನೂ ಇಲ್ಲದ ಬಡವರಿಗೂ ದಾರಿಯಿತ್ತು. ಉಪವಾಸದ ದಿನ ಉಳಿದ ಊಟದ ಬೆಲೆಯನ್ನು ಲೆಕ್ಕಹಾಕಿ ವಿಧವೆಗೋ ಅನಾಥನಿಗೋ ಕೊಡಬೇಕೆಂದು ರೋಮಿನ ಹೆರ್ಮಾಸ್ ಹೇಳುತ್ತಾನೆ.

ಇವೆಲ್ಲ ಕ್ರೈಸ್ತರೇ ಬರೆದ ಮಾತುಗಳು. ವಿರೋಧಿಗಳ ಕೈಯಿಂದಲೇ ಬಂದ ಪುರಾವೆಯೂ ಒಂದಿದೆ. 303ರ ಮೇ 19ರಂದು, ಡಯೊಕ್ಲೇಶಿಯನ್ ಚಕ್ರವರ್ತಿಯ ಹಿಂಸೆಯ ಕಾಲದಲ್ಲಿ, ಸಿರ್ತಾ ನಗರದ (ಇಂದಿನ ಅಲ್ಜೀರಿಯದ ಕಾನ್‌ಸ್ಟಂಟೀನ್) ಅಧಿಕಾರಿ ಮುನಾಷಿಯಸ್ ಫೆಲಿಕ್ಸ್ ಸಭೆಯವರು ಸೇರುತ್ತಿದ್ದ ಮನೆಯನ್ನು ಜಪ್ತಿ ಮಾಡಿದ. ಗುಮಾಸ್ತ ಬರೆದುಕೊಂಡ ಪಟ್ಟಿಯಲ್ಲಿ ಎರಡು ಚಿನ್ನದ ಮತ್ತು ಆರು ಬೆಳ್ಳಿಯ ಪಾನಪಾತ್ರೆಗಳ ಜೊತೆಗೆ ಹೆಂಗಸರ 82 ಅಂಗಿಗಳು, 38 ಮೇಲ್ಮುಸುಕುಗಳು, ಗಂಡಸರ 16 ಅಂಗಿಗಳು, ಗಂಡಸರ 13 ಜೊತೆ ಮತ್ತು ಹೆಂಗಸರ 47 ಜೊತೆ ಪಾದರಕ್ಷೆಗಳಿವೆ. ಆರಾಧನೆಗೆ ಇಷ್ಟೊಂದು ಬಟ್ಟೆ ಬೇಕಿಲ್ಲ. ಇದು ಬಡವರಿಗಾಗಿ ಕೂಡಿಟ್ಟ ದಾಸ್ತಾನು. ಹೆಂಗಸರ ಅಂಗಿಗಳು ಗಂಡಸರದಕ್ಕಿಂತ ಐದುಪಟ್ಟು ಹೆಚ್ಚಿರುವುದನ್ನು ನೋಡಿದರೆ, ನೆರವು ಮುಖ್ಯವಾಗಿ ವಿಧವೆಯರಿಗೆ ಸಲ್ಲುತ್ತಿತ್ತೆಂಬ ಮಾತಿಗೆ ಬಲ ಬರುತ್ತದೆ.

ವ್ಯಕ್ತಿಯ ಪಾಲನೆ

251ರಲ್ಲಿ ರೋಮಿನ ಬಿಷಪ್ ಕೊರ್ನೇಲಿಯಸ್ ಬರೆದ ಪತ್ರದ ಪ್ರಕಾರ ಅಲ್ಲಿನ ಸಭೆ 1,500ಕ್ಕೂ ಹೆಚ್ಚು ವಿಧವೆಯರನ್ನೂ ಕಷ್ಟದಲ್ಲಿದ್ದವರನ್ನೂ ಪೋಷಿಸುತ್ತಿತ್ತು. ಇಷ್ಟು ದೊಡ್ಡ ಸಂಖ್ಯೆಯ ನಡುವೆ ಒಬ್ಬೊಬ್ಬರ ಕಷ್ಟ ಕಳೆದುಹೋಗುವ ಅಪಾಯವಿರುತ್ತದೆ. ಹಾಗಾಗದಂತೆ ನೋಡಿಕೊಂಡದ್ದಕ್ಕೆ ಕಾರ್ತೇಜಿನ ಬಿಷಪ್ ಸಿಪ್ರಿಯನ್‌ನ ಒಂದು ಪತ್ರ ಸಾಕ್ಷಿ. ನಾಟಕರಂಗ ಬಿಟ್ಟು ಸಭೆಗೆ ಸೇರಿದ ನಟನೊಬ್ಬ ಹೊಟ್ಟೆಪಾಡಿಗೆ ಹುಡುಗರಿಗೆ ನಟನೆ ಕಲಿಸುತ್ತಿದ್ದ. ಅಂದಿನ ಸಭೆಗೆ ಆ ವೃತ್ತಿ ಒಪ್ಪಿತವಲ್ಲ. ಅವನು ಅದನ್ನು ಬಿಡಬೇಕು, ಬಿಟ್ಟ ಮೇಲೆ ಅವನ ಊಟದ ಹೊಣೆ ಸಭೆಯದು ಎಂದು ಸಿಪ್ರಿಯನ್ ತೀರ್ಮಾನಿಸಿದ. ಸ್ಥಳೀಯ ಸಭೆಗೆ ಶಕ್ತಿಯಿಲ್ಲದಿದ್ದರೆ ಅವನು ಕಾರ್ತೇಜಿಗೆ ಬರಲಿ, ಅನ್ನಬಟ್ಟೆ ಇಲ್ಲಿ ಸಿಗುತ್ತದೆ ಎಂದೂ ಸೇರಿಸಿದ. ಒಬ್ಬನಿಂದ ತ್ಯಾಗ ಕೇಳುವ ಸಭೆ ಆ ತ್ಯಾಗದ ಖರ್ಚಿನಲ್ಲಿ ಪಾಲು ಹೊರಲೇಬೇಕು ಎಂಬ ನ್ಯಾಯ ಇಲ್ಲಿದೆ.

ನುಮಿದಿಯದಲ್ಲಿ ದಾಳಿಕೋರರು ಕ್ರೈಸ್ತರನ್ನು ಹಿಡಿದೊಯ್ದಾಗ ಕಾರ್ತೇಜಿನವರು ಬಿಡುಗಡೆಗಾಗಿ 1,00,000 ಸೆಸ್ಟರ್ಸ್ ಕೂಡಿಸಿ ಕಳಿಸಿದರು. ಪ್ರಾರ್ಥನೆಯಲ್ಲಿ ನೆನೆಯಲೆಂದು ಕೊಟ್ಟವರ ಹೆಸರುಗಳನ್ನೂ ಸಿಪ್ರಿಯನ್ ಜೊತೆಗಿಟ್ಟ. ಅದೇ ಶತಮಾನದ ಮಹಾಮಾರಿಯಲ್ಲಿ ರೋಗಿಗಳ ಆರೈಕೆ ಮಾಡುತ್ತ ಸಭೆಯ ಹಿರಿಯರು, ಸೇವಕರು, ಸಾಮಾನ್ಯ ವಿಶ್ವಾಸಿಗಳು ಪ್ರಾಣ ಬಿಟ್ಟರೆಂದು ಅಲೆಕ್ಸಾಂಡ್ರಿಯದ ದಿಯೊನಿಸಿಯಸ್ ಬರೆದಿದ್ದಾನೆ.

ದುರುಪಯೋಗ ಮತ್ತು ಎಚ್ಚರ

ಈ ಚಿತ್ರಕ್ಕೆ ಕಪ್ಪು ಮುಖವೂ ಇದೆ. ವಿಧವೆಯರ, ಅನಾಥರ ಪಾಲನ್ನು ನುಂಗಿದ ಸೇವಕರನ್ನು ಹೆರ್ಮಾಸ್ ಕಟುವಾಗಿ ಖಂಡಿಸುತ್ತಾನೆ. 'ದಿದಖೆ' ಎಂಬ ಪ್ರಾಚೀನ ಕೈಪಿಡಿ ಪ್ರಯಾಣಿಕನಿಗೆ ಎರಡು ಮೂರು ದಿನದ ಆತಿಥ್ಯ ಕೊಡಲು ಹೇಳಿ, ಅಲ್ಲೇ ನೆಲೆಸುವುದಾದರೆ ದುಡಿದು ಉಣ್ಣಲಿ ಎನ್ನುತ್ತದೆ. ಮೋಸ ನಡೆಯಬಹುದೆಂದು ಗೊತ್ತಿದ್ದೂ ಸಭೆಗಳು ನೆರವನ್ನು ನಿಲ್ಲಿಸಲಿಲ್ಲ, ನಿಯಮವನ್ನು ಬಿಗಿಮಾಡಿದವು.

ಉಪಸಂಹಾರ

ತಪ್ಪದೆ ಬರುವ ಕಾಣಿಕೆ, ಲೆಕ್ಕ ಒಪ್ಪಿಸುವ ಹೊಣೆಗಾರರು, ಯಾರು ಕಷ್ಟದಲ್ಲಿದ್ದಾರೆಂದು ಹೆಸರು ಹಿಡಿದು ತಿಳಿದಿರುವುದು: ಆದಿಸಭೆಯ ಪೋಷಣೆ ನಿಂತದ್ದು ಈ ಮೂರರ ಮೇಲೆ. ಇವು ಯಾವ ಸಣ್ಣ ಸಭೆಗೂ ಎಟುಕುವಂಥವು. ನಮ್ಮ ಸಭೆಗಳ ವಾರ್ಷಿಕ ವರದಿಯಲ್ಲಿ ಕಟ್ಟಡದ ಖರ್ಚಿನಷ್ಟೇ ವಿವರವಾಗಿ ಒಂಟಿ ವೃದ್ಧರ, ವಿಧವೆಯರ, ಹಾಸಿಗೆ ಹಿಡಿದವರ ಪಾಲನೆಯ ಲೆಕ್ಕವೂ ಬರಲಿ. ಸಭೆಯ ಹಿರಿಯರು ಬರುವ ವರದಿಯಿಂದಲೇ ಇದನ್ನು ಆರಂಭಿಸಬೇಕು.