ಕತ್ತಲೆ ಬಸದಿ ನೋಡದೆ ಬರೆದ ಪ್ರಾಜೆಕ್ಟ್

ಇವತ್ತಿನ ಕಂತನ್ನು ಒಂದು ತಪ್ಪೊಪ್ಪಿಗೆಯಿಂದಲೇ ಶುರು ಮಾಡ್ತೇನೆ.

ಎಂ.ಎ. ಕೊನೆಯ ವರ್ಷ ನಾನು ಬಾರ್ಕೂರಿನ ಶಾಸನಗಳ ಮೇಲೆ ಕಿರುಪ್ರಬಂಧ ಬರೆದೆ. ಅರವತ್ತು ಪುಟ, ಕಪ್ಪು ರಟ್ಟು, ಬಂಗಾರ ಬಣ್ಣದ ಅಕ್ಷರ. ನಮ್ಮ ಮನೆ ಇದ್ದದ್ದು ಬ್ರಹ್ಮಾವರದಲ್ಲಿ. ಬಾರ್ಕೂರಿಗೆ ಬಸ್ಸಿನಲ್ಲಿ ಅರ್ಧ ಗಂಟೆಯೂ ಬೇಡ. ಆದರೂ ಕತ್ತಲೆ ಬಸದಿಯ ಅಂಗಳ ತುಳಿಯದೆಯೇ ಬರೆದು ಮುಗಿಸಿದ್ದೆ. ಇದ್ದ ಸರಕೆಲ್ಲ ಪಾದೂರು ಗುರುರಾಜ ಭಟ್ಟರ ಪುಸ್ತಕದ್ದು. ವೈವಾದಲ್ಲಿ ಬಂದ ಪ್ರಶ್ನೆ ಒಂದೇ: ‘ಬೈಂಡಿಂಗ್ ಎಲ್ಲಿ ಮಾಡಿಸಿದ್ದು?’

ಭಟ್ಟರು ಕಲ್ಯಾಣಪುರದ ಮಿಲಾಗ್ರಿಸ್ ಕಾಲೇಜಿನ ಪ್ರಾಂಶುಪಾಲರಾಗಿದ್ದವರು. ದೇವಸ್ಥಾನ, ಮೂರ್ತಿ, ಶಾಸನ ಅಂತ ಊರೂರು ಸುತ್ತಿ 1975ರಲ್ಲಿ ತುಳುವ ಇತಿಹಾಸದ ಆ ದೊಡ್ಡ ಇಂಗ್ಲಿಷ್ ಪುಸ್ತಕ ತಂದರು. ಅವರು ನಡೆದು ಕಂಡದ್ದನ್ನು ನಾನು ಕೂತು ನಕಲು ಮಾಡಿದೆ.

ಈ ರೋಗಕ್ಕೆ ಹಳೆಯ ಬೇರು ಇದೆ. 1857ರಲ್ಲಿ ಕಲ್ಕತ್ತ, ಬಾಂಬೆ, ಮದ್ರಾಸ್ ವಿಶ್ವವಿದ್ಯಾಲಯಗಳು ಹುಟ್ಟಿದ್ದು ಲಂಡನ್ ವಿಶ್ವವಿದ್ಯಾಲಯದ ಮಾದರಿಯಲ್ಲಿ. ಅಂದರೆ ಪಾಠ ಕಾಲೇಜಿನದ್ದು, ಪರೀಕ್ಷೆ ಮತ್ತು ಪದವಿ ವಿಶ್ವವಿದ್ಯಾಲಯದ್ದು. ಆಗ ಮದ್ರಾಸ್ ಪ್ರಾಂತ್ಯದಲ್ಲಿದ್ದ ನಮ್ಮ ದಕ್ಷಿಣ ಕನ್ನಡಕ್ಕೂ ಅದೇ ಪದ್ಧತಿ ಬಂತು. ಕುಂದಾಪುರದ ಭಂಡಾರ್ಕಾರ್ಸ್ ಕಾಲೇಜು 1963ರದ್ದು, ಮಂಗಳೂರು ವಿಶ್ವವಿದ್ಯಾಲಯ 1980ರದ್ದು. ಹೆಸರು ಬದಲಾದವು, ಪರೀಕ್ಷೆಯೇ ಯಜಮಾನ ಅನ್ನುವುದು ಬದಲಾಗಲಿಲ್ಲ. ಪ್ರಾಜೆಕ್ಟ್ ಅನ್ನುವುದು ಆಮೇಲೆ ಬಂದು ಜಗಲಿಯಲ್ಲಿ ಕೂತ ನೆಂಟ.

ಸಂಶೋಧನೆ ಮಾತ್ರ ನಮ್ಮಲ್ಲಿ ನಡೆದೇ ಇತ್ತು ಮಾರಾಯ್ರೆ, ಕಾಲೇಜಿನ ಹೊರಗೆ. ಕೋಟದ ಶಿವರಾಮ ಕಾರಂತರು ಗಾಂಧೀಜಿ ಕರೆಗೆ ಓಗೊಟ್ಟು ಕಾಲೇಜು ಬಿಟ್ಟವರು. ಪದವಿ ಇಲ್ಲದ ಅವರ ‘ಯಕ್ಷಗಾನ ಬಯಲಾಟ’ಕ್ಕೆ 1959ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಮುಂದೆ ಅಮೆರಿಕದ ಮಾರ್ಥಾ ಆ್ಯಶ್ಟನ್ ಪಿಎಚ್.ಡಿ.ಗೆಂದು ಇಲ್ಲಿಗೆ ಬಂದರು. ಬಡಗುತಿಟ್ಟಿನ ಬಗ್ಗೆ ಬರೆಯುವ ಮೊದಲು ಮದ್ದಲೆಯ ಗುರು ಹಿರಿಯಡ್ಕ ಗೋಪಾಲರಾಯರ ಹತ್ತಿರ ಕಲಿತರು. ಆ ಕೆಲಸದಿಂದ ಬೆಳೆದ ಇಂಗ್ಲಿಷ್ ಪುಸ್ತಕ, ಬ್ರೂಸ್ ಕ್ರಿಸ್ಟಿ ಜೊತೆ ಬರೆದದ್ದು, 1977ರಲ್ಲಿ ಬಂತು. ಸಮುದ್ರ ದಾಟಿ ಬಂದವರಿಗೆ ಸಿಕ್ಕಿದ ಗುರು, ಇಲ್ಲೇ ಇದ್ದ ನಮಗೆ ಕಾಣಲಿಲ್ಲ.

2021ರಲ್ಲಿ ರಾಜ್ಯದಲ್ಲಿ ನಾಲ್ಕು ವರ್ಷದ ಪದವಿ ಬಂತು. ನಾಲ್ಕನೇ ವರ್ಷ ಸಂಶೋಧನೆಗೆ ಅಂದರು. 2024ರಲ್ಲಿ ಮತ್ತೆ ಮೂರೇ ವರ್ಷ. ಈ ಎಳೆದಾಟದಲ್ಲಿ ಪ್ರಾಜೆಕ್ಟ್ ಏಕೆ ಬೇಕು ಅಂತ ಯಾರೂ ಹುಡುಗರ ಹತ್ತಿರ ಮಾತಾಡಿದ್ದು ನಾನಂತೂ ಕೇಳಿಲ್ಲ. ಈಗ ಜೆರಾಕ್ಸ್ ಅಂಗಡಿಗೂ ಹೋಗಬೇಕಿಲ್ಲ, ಚಾಟ್‌ಜಿಪಿಟಿ ಮನೆಗೇ ತಂದುಕೊಡುತ್ತದೆ.

ಹಾಗಾಗಿ ನನ್ನ ತರಗತಿಯಲ್ಲಿ ಅರವತ್ತು ಪುಟ ನಿಲ್ಲಿಸಿದೆ. ಹದಿನೈದು ಪುಟ ಸಾಕು. ಒಂದು ಕಲ್ಲು, ಒಂದು ಕಡತ ಅಥವಾ ಒಬ್ಬ ಹಿರಿಯರ ನೆನಪು. ಅದರ ಜೊತೆ ಕೈಬರಹದ ಕ್ಷೇತ್ರ ಟಿಪ್ಪಣಿ ಪುಸ್ತಕ ಕಡ್ಡಾಯ: ಯಾವ ದಿನ ಹೋದಿರಿ, ಯಾರು ಸಿಕ್ಕಿದರು, ಏನು ಓದಲಾಗಲಿಲ್ಲ. ಅರ್ಧ ಅಂಕ ಆ ಪುಸ್ತಕಕ್ಕೆ. ತಿದ್ದಲಿಕ್ಕೆ ನನಗೇ ದುಪ್ಪಟ್ಟು ಹೊತ್ತು ಹಿಡಿಯುತ್ತದೆ, ಸುಳ್ಳು ಹೇಳುವುದಿಲ್ಲ. ನಲವತ್ತು ಮಕ್ಕಳಿಗೆ ಒಬ್ಬ ಮಾರ್ಗದರ್ಶಕ ಇದ್ದರೆ ಇದು ನಡೆಯುವುದೂ ಇಲ್ಲ.

ಕಳೆದ ವರ್ಷ ಬೈಂದೂರು ಕಡೆಯ ಒಬ್ಬಳು ಹುಡುಗಿ ಕರಾವಳಿ ಶಾಸನಗಳ ‘ಹಂಜಮಾನ’ ಎಂಬ ಪದ ಹಿಡಿದಳು. ಹೊರನಾಡಿನ ವರ್ತಕರ ಸಂಘ ಅದು. ಪದದ ಮೂಲ ಪರ್ಷಿಯನ್ನಿನ ‘ಅಂಜುಮನ್’. ಬಸ್ರೂರಿಗೆ ಹೋಗಿ ಕಲ್ಲಿನ ಎದುರು ಕೂತಾಗ ಅಲ್ಲಿನ ಅಜ್ಜರೊಬ್ಬರು ಕೇಳಿದರಂತೆ: ‘ಹ್ವಾಯ್, ಅದ್ರಗೆ ಎಂತ ಬರ್ದಿತ್ತ್? ನಮ್ಗೂ ಚೂರ್ ಓದಿ ಹೇಳಿ.’

ಅವಳಿಗೆ ನಾಲ್ಕು ಸಾಲು ಮಾತ್ರ ಓದಲಿಕ್ಕೆ ಬಂತು. ಉಳಿದದ್ದಕ್ಕೆ ಮತ್ತೆ ಬರ್ತೇನೆ ಅಜ್ಜ ಅಂತ ಹೇಳಿ ಬಂದಿದ್ದಾಳೆ. ಟಿಪ್ಪಣಿ ಪುಸ್ತಕದಲ್ಲಿ ಅದನ್ನೂ ಬರೆದಿದ್ದಾಳೆ.