ಮೂರು ಕೆಂಪು ದೀಪ: ಎಕ್ಸ್‌ಬಾಕ್ಸ್ 360ರ ಅವಸರದ ಕಥೆ

ಹೋದ ಭಾನುವಾರದ ಮಾತಿನ ಬರಹರೂಪ ಇದು. ಮಾತಾಡುವ ಭರದಲ್ಲಿ ಬಿಟ್ಟುಹೋದ ಒಂದೆರಡು ವಿಷಯ ಸೇರಿಸಿದ್ದೀನಿ, ಹಾಗಾಗಿ ವಿಡಿಯೋ ನೋಡಿದವರೂ ಓದಬಹುದು.

ಗೋ-ಲೈವ್ ರಾತ್ರಿ ಅಂದ್ರೆ ಏನು ಅಂತ ನಿಮಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ. ಮೇಜಿನ ಮೇಲೆ ತಣ್ಣಗಾದ ಪಿಜ್ಜಾ, ಕಾಲ್‌ನಲ್ಲಿ ಮೂರು ಊರಿನವರು, ಮೂಲೆಯಲ್ಲಿ ಒಬ್ಬ ಟೆಸ್ಟರ್. "ಇದು ಇನ್ನೂ ರೆಡಿ ಆಗಿಲ್ಲ ಸಾರ್" ಅಂತ ಒಂದು ವಾರದಿಂದ ಹೇಳಿ ಹೇಳಿ ಸುಸ್ತಾಗಿ ಕೂತಿರ್ತಾನೆ. ನಾನು ಬಹಳ ವರ್ಷ ಆ ಮೂಲೆಯ ಕುರ್ಚಿಯವನು. ಅದಕ್ಕೇ ಎಕ್ಸ್‌ಬಾಕ್ಸ್ 360ರ ಚರಿತ್ರೆ ಓದುವಾಗ ನನ್ನ ಕಣ್ಣು ಆಟಗಳ ಮೇಲೆ ನಿಲ್ಲಲಿಲ್ಲ. ಬಿಡುಗಡೆಗೆ ಮೂರು ತಿಂಗಳು ಮೊದಲು "ಲೈನ್ ನಿಲ್ಲಿಸಿ" ಅಂದ ಒಬ್ಬ ಎಂಜಿನಿಯರ್ ಮೇಲೆ ಹೋಗಿ ನಿಂತಿತು. ಅವರ ವಿಷಯಕ್ಕೆ ಬರ್ತೀನಿ. ಅಷ್ಟು ಅವಸರ ಯಾಕಿತ್ತು ಅನ್ನೋದನ್ನ ಮೊದಲು ನೋಡೋಣ.

ಮೈಕ್ರೋಸಾಫ್ಟ್‌ನ ಮೊದಲ ಎಕ್ಸ್‌ಬಾಕ್ಸ್ ಬಂದಿದ್ದು 2001ರ ನವೆಂಬರ್‌ನಲ್ಲಿ. ಸೋನಿಯ ಪ್ಲೇಸ್ಟೇಷನ್ 2 ಅಮೆರಿಕಕ್ಕೆ ಅದಕ್ಕಿಂತ ಒಂದು ವರ್ಷ ಮೊದಲೇ ಬಂದು, ಜನರ ಟಿವಿ ಕೆಳಗೆ ಜಾಗ ಹಿಡಿದು ಕೂತಿತ್ತು. ಕೊನೆಗೆ ಲೆಕ್ಕ ಹಾಕಿದಾಗ ಸೋನಿಯದು 15 ಕೋಟಿ ದಾಟಿತ್ತು, ಎಕ್ಸ್‌ಬಾಕ್ಸ್ ಸುಮಾರು 2.4 ಕೋಟಿಯಲ್ಲಿ ನಿಂತಿತು. ಸಾಲದ್ದಕ್ಕೆ ಪ್ರತಿ ಡಬ್ಬದ ಮೇಲೂ ನಷ್ಟ. ಒಳಗಿನ ಪ್ರೊಸೆಸರ್ ಇಂಟೆಲ್‌ನದ್ದು, ಗ್ರಾಫಿಕ್ಸ್ ಚಿಪ್ ಎನ್‌ವಿಡಿಯಾದ್ದು. ಚಿಪ್ ವಿನ್ಯಾಸ ತನ್ನ ಕೈಯಲ್ಲಿ ಇಲ್ಲದೆ ಇದ್ದಿದ್ದರಿಂದ ವರ್ಷ ಕಳೆದ ಹಾಗೆ ಖರ್ಚು ಇಳಿಸೋಕೆ ಮೈಕ್ರೋಸಾಫ್ಟ್‌ಗೆ ದಾರಿ ಇರಲಿಲ್ಲ. ಬೆಲೆ ವಿಚಾರದಲ್ಲಿ ಎನ್‌ವಿಡಿಯಾ ಜೊತೆ ಜಗಳ ಮಧ್ಯಸ್ಥಿಕೆ ತನಕ ಹೋಯಿತು.

ಹಾಗಾಗಿ ಎರಡನೇ ಸಲಕ್ಕೆ ಎರಡು ನಿರ್ಧಾರ ಆಯ್ತು. ಒಂದು, ಚಿಪ್ ವಿನ್ಯಾಸ ನಮ್ಮದೇ ಆಗಿರಬೇಕು. ಐಬಿಎಂ ಜೊತೆ ಪ್ರೊಸೆಸರ್, ಎಟಿಐ ಜೊತೆ ಗ್ರಾಫಿಕ್ಸ್. ಇನ್ನೊಂದು, ಸೋನಿಗಿಂತ ಒಂದು ವರ್ಷ ಮೊದಲು, 2005ರ ಕ್ರಿಸ್‌ಮಸ್ ಮಾರಾಟಕ್ಕೆ ಡಬ್ಬ ಅಂಗಡಿಯಲ್ಲಿ ಇರಲೇಬೇಕು. ಮೊದಲನೆಯದು ಎಂಜಿನಿಯರಿಂಗ್ ನಿರ್ಧಾರ, ಎರಡನೆಯದು ಕ್ಯಾಲೆಂಡರ್ ನಿರ್ಧಾರ. ಮುಂದಿನ ಕಥೆಯೆಲ್ಲ ಇವೆರಡರ ತಿಕ್ಕಾಟವೇ.

2005ರ ಮೇ 12ಕ್ಕೆ ಎಂಟಿವಿಯಲ್ಲಿ ಹೊಸ ಡಬ್ಬದ ಮುಖದರ್ಶನ. ನಿರೂಪಣೆ ಮಾಡಿದ್ದು ಯಾರು ಗೊತ್ತಾ? 'ಲಾರ್ಡ್ ಆಫ್ ದಿ ರಿಂಗ್ಸ್'ನ ಫ್ರೋಡೋ, ಎಲೈಜಾ ವುಡ್. ಉಂಗುರ ಹೊತ್ತು ಅಲೆದವನ ಕೈಯಿಂದಲೇ ಈ ಯಂತ್ರದ ಪರಿಚಯ ಆಗಬೇಕಿತ್ತು ನೋಡಿ. ಯಾಕಂದ್ರೆ ಈ ಡಬ್ಬದ ಮುಖದ ಮೇಲೂ ಒಂದು ಉಂಗುರ ಇತ್ತು. ಪವರ್ ಬಟನ್ ಸುತ್ತ ನಾಲ್ಕು ಭಾಗದ ಹಸಿರು ಬೆಳಕಿನ ಬಳೆ, ನಾಲ್ಕು ಆಟಗಾರರಿಗೆ ಒಂದೊಂದು ಭಾಗ. ಬಿಳಿ ಬಣ್ಣ, ನಡು ಸ್ವಲ್ಪ ಒಳಗೆ ಬಾಗಿದ ತೆಳ್ಳಗಿನ ಆಕಾರ. ಹಳೆಯ ಕಪ್ಪು ಗಡವ ಡಬ್ಬದ ಎದುರು ಇದು ಬಹಳ ನಾಜೂಕು.

ಆ ನಾಜೂಕು ಆಕಾರದೊಳಗೆ ಏನು ತುರುಕಿದ್ದರು ಅಂತ ನೋಡಿ. 3.2 ಗಿಗಾಹರ್ಟ್ಜ್‌ನ ಮೂರು ಕೋರ್ ಪ್ರೊಸೆಸರ್, 512 ಎಂಬಿ ಮೆಮೊರಿ, ಆ ಕಾಲಕ್ಕೆ ಭಾರೀ ಅನ್ನಿಸುವ ಗ್ರಾಫಿಕ್ಸ್ ಚಿಪ್. ಪವರ್ ಸಪ್ಲೈ ಒಳಗೆ ಹಿಡಿಸಲಿಲ್ಲ, ಇಟ್ಟಿಗೆ ಗಾತ್ರದ್ದನ್ನ ವೈರಿಗೆ ಕಟ್ಟಿ ಹೊರಗೆ ಬಿಟ್ಟರು. ಡಿವಿಡಿ ಡ್ರೈವ್ ಗ್ರಾಫಿಕ್ಸ್ ಚಿಪ್‌ನ ನೆತ್ತಿಯ ಮೇಲೇ ಬಂತು. ಅದರಿಂದಾಗಿ ಅಲ್ಲಿ ಎತ್ತರದ ಹೀಟ್‌ಸಿಂಕ್ ಇಡೋಕೆ ಜಾಗವೇ ಇಲ್ಲ. ಪ್ರೊಸೆಸರ್‌ಗೆ ಎತ್ತರದ ಹೀಟ್‌ಸಿಂಕ್ ಸಿಕ್ಕಿತು, ಗ್ರಾಫಿಕ್ಸ್ ಚಿಪ್‌ಗೆ ಕುಳ್ಳನೆಯದು. ಮನೆ ಕಟ್ಟಿಸುವಾಗ ಹಾಲ್ ದೊಡ್ಡದು ಮಾಡೋಕೆ ಹೋಗಿ ಅಡುಗೆಮನೆ ಕಿಟಕಿ ಮುಚ್ಚಿದ ಹಾಗೆ.

ಈಗ ಆ ಎಂಜಿನಿಯರ್ ವಿಷಯ. ಎಕ್ಸ್‌ಬಾಕ್ಸ್ ಬಗ್ಗೆ ಎರಡು ಪುಸ್ತಕ ಬರೆದ ಪತ್ರಕರ್ತ ಡೀನ್ ತಕಹಾಶಿ 2008ರಲ್ಲಿ ಒಂದು ದೀರ್ಘ ವರದಿ ಪ್ರಕಟಿಸಿದರು. ಅದರ ಪ್ರಕಾರ 2005ರ ಆಗಸ್ಟ್‌ನಲ್ಲಿ ಚೀನಾದ ಕಾರ್ಖಾನೆಗಳಲ್ಲಿ ಉತ್ಪಾದನೆ ಶುರುವಾದಾಗ, ಒಂದು ಹಂತದಲ್ಲಿ 100 ಡಬ್ಬ ಜೋಡಿಸಿದರೆ 68 ಕೆಲಸ ಮಾಡ್ತಿರಲಿಲ್ಲ. ಗ್ರಾಫಿಕ್ಸ್ ಚಿಪ್ ಕಾಯುತ್ತಿತ್ತು, ಹೀಟ್‌ಸಿಂಕ್ ಬಿರುಕು ಬಿಡ್ತಿತ್ತು, ಮೆಮೊರಿ ಚಿಪ್‌ಗಳಲ್ಲಿ ತೊಂದರೆ, ಡಿವಿಡಿ ಡ್ರೈವ್‌ನಲ್ಲಿ ತೊಂದರೆ. ಪರೀಕ್ಷಿಸುವ ಯಂತ್ರಗಳು ಬೇಕಾದಷ್ಟು ಬಂದೇ ಇರಲಿಲ್ಲ. ಎಂಜಿನಿಯರ್ ಉತ್ಪಾದನೆ ನಿಲ್ಲಿಸಿ ಅಂದರು. ನಿಲ್ಲಿಸಲಿಲ್ಲ.

ಇಲ್ಲಿ ಒಂದು ಮಾತು ಬರುತ್ತೆ, ಆಫೀಸಿನಲ್ಲೂ ಕೇಳಿರ್ತೀರಿ: "ಕೆಟ್ಟಿದ್ದನ್ನ ಟೆಸ್ಟಿಂಗ್ ಹಿಡೀತಲ್ಲ, ಮತ್ತೇನು? ಪಾಸಾದ 32 ಮಾತ್ರ ಕಳಿಸಿದ್ರಾಯ್ತು." ಕೇಳೋಕೆ ಸರಿಯಾಗಿದೆ. ಆದರೆ 100ರಲ್ಲಿ 68 ಫೇಲ್ ಆಗುವ ತರಗತಿಯಲ್ಲಿ ಪಾಸಾದ 32 ಮಂದಿ ಎಲ್ಲರೂ ಫಸ್ಟ್ ಕ್ಲಾಸ್ ಇರ್ತಾರಾ? ಅರ್ಧಕ್ಕರ್ಧ 35 ಮಾರ್ಕ್ಸ್ ಗಿರಾಕಿಗಳು. ಕಾರ್ಖಾನೆಯ ಪರೀಕ್ಷೆ ಕೇಳ್ತಿದ್ದ ಪ್ರಶ್ನೆ, ಇದು ಇವತ್ತು ಓಡುತ್ತಾ ಅಂತ. ಒಂದು ವರ್ಷ ದಿನಾ ಆನ್ ಮಾಡಿ ಆಫ್ ಮಾಡಿದರೆ ಉಳಿಯುತ್ತಾ ಅನ್ನೋ ಪ್ರಶ್ನೆಗೆ ಉತ್ತರ ಕೊಡೋಕೆ ಸಮಯ ಬೇಕು. ನವೆಂಬರ್ 22 ಅಂತ ದಿನಾಂಕ ಕೊಟ್ಟಾದ ಮೇಲೆ ಇಲ್ಲದೇ ಇದ್ದದ್ದು ಅದೊಂದೇ.

ನನಗೂ ಒಂದು ಸಲ ಹೀಗೇ ಆಗಿದೆ. ಹೆಸರು ಬೇಡ. ಲೋಡ್ ಜಾಸ್ತಿಯಾದಾಗ ಒಂದೇ ಪಾವತಿ ಎರಡು ಸಲ ಕಟ್ ಆಗ್ತಿತ್ತು. ಡಿಫೆಕ್ಟ್ ಹಾಕಿದೆ. ಬಿಡುಗಡೆಗೆ ಎರಡು ದಿನ ಇರುವಾಗ ಅದರ ತೀವ್ರತೆಯನ್ನ ಇಳಿಸಿ 'ಗೊತ್ತಿರುವ ಸಮಸ್ಯೆ' ಪಟ್ಟಿಗೆ ಸೇರಿಸಿದರು. ಸೈನ್-ಆಫ್ ಮೇಲ್‌ನಲ್ಲಿ ನನ್ನ ಹೆಸರೂ ಇತ್ತು, ಮತ್ತೆ ನಾನು ಅದಕ್ಕೆ ಇಲ್ಲ ಅನ್ನಲಿಲ್ಲ. ಆ ಎಂಜಿನಿಯರ್ ಕನಿಷ್ಠ ಬಾಯಿಬಿಟ್ಟು ಹೇಳಿದರು.

ಬಿಡುಗಡೆ ಮಾತ್ರ ಅದ್ಧೂರಿ. ಕ್ಯಾಲಿಫೋರ್ನಿಯಾದ ಮೊಹಾವಿ ಮರುಭೂಮಿಯ ಅಂಚಿನ ಪಾಮ್‌ಡೇಲ್‌ನಲ್ಲಿ ವಿಮಾನದ ಹ್ಯಾಂಗರ್ ಒಂದನ್ನ ಹಿಡಿದು ಜಾತ್ರೆಯನ್ನೇ ನಡೆಸಿದರು. ನವೆಂಬರ್ 22 ಉತ್ತರ ಅಮೆರಿಕ, ಡಿಸೆಂಬರ್ 2 ಯುರೋಪ್, ಡಿಸೆಂಬರ್ 10 ಜಪಾನ್. ಮೂರು ವಾರದೊಳಗೆ ಮೂರು ಖಂಡ. ಹಾರ್ಡ್ ಡಿಸ್ಕ್ ಇಲ್ಲದ್ದು 299 ಡಾಲರ್, 20 ಜಿಬಿ ಡಿಸ್ಕ್ ಇದ್ದದ್ದು 399. ಅಂಗಡಿ ಮುಂದೆ ರಾತ್ರಿಯಿಡೀ ಕ್ಯೂ ನಿಂತವರಲ್ಲಿ ಎಷ್ಟೋ ಜನ ಬರಿಗೈಲಿ ಮನೆಗೆ ಹೋದರು. ಮೊದಲ ವಾರದಲ್ಲೇ ಇಬೇಯಲ್ಲಿ 40,000 ಡಬ್ಬ ಮರುಮಾರಾಟಕ್ಕೆ ಬಿದ್ದವು. ಬೇಡಿಕೆ ಏರಿಸೋಕೆ ಬೇಕೂಂತಲೇ ಸರಕು ತಡೆದಿದ್ದಾರೆ ಅಂತ ಗುಸುಗುಸು ಹಬ್ಬಿತು. ತಕಹಾಶಿ ವರದಿ ಓದಿದ ಮೇಲೆ ನನಗೆ ಅನ್ನಿಸೋದು, ತಡೆದಿಡೋಕೆ ಅವರ ಹತ್ತಿರ ಸರಕು ಎಲ್ಲಿತ್ತು? ಜೋಡಿಸಿದ್ದರಲ್ಲಿ ಬಹುಪಾಲು ಮೂಲೆಗೆ ಬಿದ್ದಿತ್ತಲ್ಲ.

ಮೊದಲ ವಾರದಿಂದಲೇ ದೂರು. ಆಟದ ಮಧ್ಯೆ ಪರದೆ ಹೆಪ್ಪುಗಟ್ಟುತ್ತೆ, ಡಬ್ಬ ಸುಡುತ್ತೆ. ಪವರ್ ಇಟ್ಟಿಗೆಯನ್ನ ಕಾರ್ಪೆಟ್ ಮೇಲಿಂದ ಎತ್ತಿ ದಾರ ಕಟ್ಟಿ ನೇತು ಹಾಕಿ, ಗಾಳಿ ಆಡುತ್ತೆ ಅಂತ ಜನ ಒಬ್ಬರಿಗೊಬ್ಬರು ಸಲಹೆ ಕೊಟ್ಟರು. 400 ಡಾಲರ್ ಕೊಟ್ಟು ತಂದ ಯಂತ್ರಕ್ಕೆ ಉಪಚಾರ, ದಾರ! ಆಡುವಾಗ ಡಬ್ಬ ಸ್ವಲ್ಪ ಅಲುಗಿದರೆ ಡಿಸ್ಕ್ ಮೇಲೆ ದುಂಡಗೆ ಗೀರು ಬೀಳುತ್ತೆ ಅನ್ನೋದು ಇನ್ನೊಂದು ದೂರು. ಡಿಸೆಂಬರ್‌ನಲ್ಲೇ ಷಿಕಾಗೋದ ಗ್ರಾಹಕರೊಬ್ಬರು ಕೋರ್ಟಿಗೆ ಹೋದರು. ಒಟ್ಟು ಮಾರಾಟದಲ್ಲಿ ಇಂಥ ದೂರು ಬಹಳ ಸಣ್ಣ ಪ್ರಮಾಣದ್ದು ಅನ್ನೋದು ಕಂಪನಿಯ ಉತ್ತರ. ಮುಂದಿನ ಒಂದೂವರೆ ವರ್ಷ ಹೆಚ್ಚುಕಮ್ಮಿ ಇದೇ ಉತ್ತರ.

ಅಷ್ಟರಲ್ಲಿ ಉಂಗುರ ಕೆಂಪಾಗತೊಡಗಿತ್ತು. ನಾಲ್ಕೂ ಭಾಗ ಕೆಂಪಾದರೆ ಭಯವಿಲ್ಲ, ಟಿವಿ ಕೇಬಲ್ ಸಡಿಲ ಅಂತ ಅರ್ಥ. ಎರಡು ಕೆಂಪಾದರೆ ಬಿಸಿ ಜಾಸ್ತಿ. ಮೂರು ಕೆಂಪಾಗಿ ಮಿನುಗಿದರೆ ಹಾರ್ಡ್‌ವೇರ್ ಹೋಯಿತು. ಅಮೆರಿಕದಲ್ಲಿ ಶುರುವಿನಲ್ಲಿ ವಾರಂಟಿ ಇದ್ದದ್ದು ಬರೀ 90 ದಿನ. ಎಷ್ಟೋ ಡಬ್ಬಗಳು ಅದನ್ನ ದಾಟಿದ ಮೇಲೇ ಕೆಂಪಾದವು. ರಿಪೇರಿಗೆ ದುಡ್ಡು ಕಟ್ಟಿ ತರಿಸಿಕೊಂಡದ್ದು ಮತ್ತೆ ಕೆಂಪಾದ ಉದಾಹರಣೆಗಳೂ ಬೇಕಾದಷ್ಟು.

ಒಳಗೆ ಮುರೀತಿದ್ದದ್ದು ಏನು? ಬಹಳ ದಿನ ಎಲ್ಲರೂ ಹೇಳಿದ್ದು, ಗ್ರಾಫಿಕ್ಸ್ ಚಿಪ್ ಮತ್ತು ಮದರ್‌ಬೋರ್ಡ್ ನಡುವಿನ ಸಾಲ್ಡರ್ ಬಿರುಕು ಬಿಡುತ್ತೆ ಅಂತ. ಯುರೋಪಿನ ಹೊಸ ಕಾನೂನಿಗಾಗಿ ಇಡೀ ಉದ್ಯಮ ಸೀಸ ಇಲ್ಲದ ಸಾಲ್ಡರ್‌ಗೆ ತಿರುಗುತ್ತಿದ್ದ ಹೊತ್ತು ಅದು, ಹಾಗಾಗಿ ಅನುಮಾನ ಅದರ ಮೇಲೆ ಹೋಗಿದ್ದು ಸಹಜ. 2021ರಲ್ಲಿ ಮೈಕ್ರೋಸಾಫ್ಟ್ ತಾನೇ ಬಿಡುಗಡೆ ಮಾಡಿದ 'ಪವರ್ ಆನ್' ಸಾಕ್ಷ್ಯಚಿತ್ರದಲ್ಲಿ, ಹಾರ್ಡ್‌ವೇರ್ ಹೊಣೆ ಹೊತ್ತಿದ್ದ ಟಾಡ್ ಹೋಮ್‌ಡಾಲ್ ವಿವರಿಸಿದ್ದು ಸ್ವಲ್ಪ ಬೇರೆ: ಮುರಿದದ್ದು ಚಿಪ್ ಪ್ಯಾಕೇಜಿನ ಒಳಗಿನ ಸಂಪರ್ಕಗಳು. ಕೊಲ್ಲುತ್ತಿದ್ದದ್ದು ಬಿಸಿ ಒಂದೇ ಅಲ್ಲ, ಬಿಸಿಯಾಗಿ ತಣ್ಣಗಾಗಿ ಮತ್ತೆ ಬಿಸಿಯಾಗುವ ಏರಿಳಿತ. ಕಾದಾಗ ಒಂದೊಂದು ವಸ್ತು ಒಂದೊಂದು ಅಳತೆಗೆ ಹಿಗ್ಗುತ್ತೆ. ತಂತಿಯನ್ನ ಹಿಂದಕ್ಕೂ ಮುಂದಕ್ಕೂ ಬಗ್ಗಿಸ್ತಾ ಇದ್ದರೆ ಒಂದಿನ ಪಟ್ ಅನ್ನುತ್ತಲ್ಲ, ಹಾಗೆ. ದಿನಾ ಆಫ್ ಮಾಡಿ ಮಲಗುವ ಶಿಸ್ತಿನ ಹುಡುಗನ ಡಬ್ಬಕ್ಕೂ ಅಪಾಯ ತಪ್ಪಿದ್ದಲ್ಲ.

ಇದು ಗೊತ್ತಾದರೆ ಆ ಪ್ರಸಿದ್ಧ ಟವೆಲ್ ವೈದ್ಯವೂ ಅರ್ಥವಾಗುತ್ತೆ. ಸತ್ತ ಡಬ್ಬಕ್ಕೆ ಟವೆಲ್ ಸುತ್ತಿ, ಗಾಳಿ ಕಿಂಡಿಯೆಲ್ಲ ಮುಚ್ಚಿ, ಸ್ವಲ್ಪ ಹೊತ್ತು ಬೇಕೂಂತಲೇ ಕಾಯಿಸೋದು. ಹಿಗ್ಗಿದ ಲೋಹ ತಾತ್ಕಾಲಿಕವಾಗಿ ಮತ್ತೆ ತಾಗುತ್ತಿತ್ತು, ಹಸಿರು ದೀಪ ಬರುತ್ತಿತ್ತು. ನಾಲ್ಕು ದಿನಕ್ಕೋ ನಾಲ್ಕು ವಾರಕ್ಕೋ ಪುನಃ ಕೆಂಪು. ಲ್ಯಾಮಿಂಗ್ಟನ್ ರಸ್ತೆಯಲ್ಲೋ ರಿಚ್ಚಿ ಸ್ಟ್ರೀಟಿನಲ್ಲೋ ಹಳೇ ಲ್ಯಾಪ್‌ಟಾಪ್‌ನ ಗ್ರಾಫಿಕ್ಸ್ ಚಿಪ್‌ಗೆ ಬಿಸಿಗಾಳಿ ಗನ್ ಹಿಡಿದು "ಗ್ಯಾರಂಟಿ ಇಲ್ಲ ಸಾರ್" ಅಂತ ಕೊಡೋದನ್ನ ನೋಡಿದ್ದರೆ, ತತ್ವ ಅದೇ.

2006ರ ಸೆಪ್ಟೆಂಬರ್‌ನಲ್ಲಿ ಭಾರತಕ್ಕೂ ಬಂತು. ಅಕ್ಷಯ್ ಕುಮಾರ್, ಯುವರಾಜ್ ಸಿಂಗ್ ಜಾಹೀರಾತು, ಹಾರ್ಡ್ ಡಿಸ್ಕ್ ಇದ್ದದ್ದಕ್ಕೆ 23,990 ರೂಪಾಯಿ. ಆಗಿನ ಫ್ರೆಶರ್‌ಗೆ ಒಂದು ತಿಂಗಳ ಸಂಬಳಕ್ಕಿಂತ ಹೆಚ್ಚೇ. ಅಮೆರಿಕದಲ್ಲಿ ತೊಂದರೆ ಬಯಲಾಗಿ ಹತ್ತು ತಿಂಗಳು ಕಳೆದಿತ್ತು.

ಆ ವರ್ಷದ ಕೊನೆಗೆ ಕಂಪನಿ ಅಂಗಡಿಗಳಿಗೆ ಕಳಿಸಿದ ಡಬ್ಬ 1 ಕೋಟಿ ದಾಟಿತು. ಇನ್ನೊಂದು ಕಡೆ ಗೋದಾಮುಗಳಲ್ಲಿ ಕೆಟ್ಟ ಡಬ್ಬಗಳ ರಾಶಿ. ಕಾರ್ಖಾನೆ ಭಾಷೆಯಲ್ಲಿ ಅದಕ್ಕೆ 'ಬೋನ್ ಪೈಲ್' ಅಂತಾರೆ, ಮೂಳೆಗುಡ್ಡೆ. ತಕಹಾಶಿ ವರದಿ ಪ್ರಕಾರ ಅದು 5 ಲಕ್ಷದ ಮೇಲೆ ಹೋಗಿತ್ತು.

ಕೊನೆಗೆ 2007ರ ಜುಲೈ 5. ಮೂರು ಕೆಂಪು ದೀಪದ ದೋಷಕ್ಕೆ ಮೂರು ವರ್ಷ ವಾರಂಟಿ, ಈಗಾಗಲೇ ದುಡ್ಡು ಕಟ್ಟಿದವರಿಗೆ ವಾಪಸ್. ಲೆಕ್ಕದಲ್ಲಿ ತೆಗೆದಿಟ್ಟ ಮೊತ್ತ 100 ಕೋಟಿ ಡಾಲರ್‌ಗೂ ಹೆಚ್ಚು. ಆಗ ಎಕ್ಸ್‌ಬಾಕ್ಸ್ ವಿಭಾಗದಲ್ಲಿದ್ದ ಪೀಟರ್ ಮೂರ್ ಮುಂದೆ ಸಂದರ್ಶನವೊಂದರಲ್ಲಿ ಹೇಳಿಕೊಂಡ ಪ್ರಕಾರ, ಅವರು ನಡುಗುತ್ತಲೇ ಸ್ಟೀವ್ ಬಾಮರ್ ಮುಂದೆ 115 ಕೋಟಿ ಡಾಲರ್ ಲೆಕ್ಕ ಇಟ್ಟರು, ಬಾಮರ್ ಹಿಂದೆಮುಂದೆ ನೋಡದೆ ಮಾಡಿ ಅಂದರು. ಅದರಲ್ಲಿ 24 ಕೋಟಿ ಬರೀ ಕೊರಿಯರ್ ಖರ್ಚು. ಗ್ರಾಹಕನ ಮನೆಗೆ ಖಾಲಿ ಪೆಟ್ಟಿಗೆ ಕಳಿಸೋದು, ಅವನು ಸತ್ತ ಡಬ್ಬವನ್ನ ಅದರಲ್ಲಿಟ್ಟು ವಾಪಸ್ ಕಳಿಸೋದು. ಆಟಗಾರರು ಆ ಖಾಲಿ ಪೆಟ್ಟಿಗೆಗೆ ಇಟ್ಟ ಹೆಸರು ಶವಪೆಟ್ಟಿಗೆ.

ಈ ಕಥೆಯನ್ನ "ನೋಡಿ, ಟೆಸ್ಟರ್ ಮಾತು ಕೇಳಬೇಕಿತ್ತು" ಅಂತ ಮುಗಿಸೋದು ನನಗೆ ಬಹಳ ಇಷ್ಟ. ಆದರೆ ಲೆಕ್ಕ ಅಷ್ಟು ಸುಲಭಕ್ಕೆ ಒಪ್ಪಲ್ಲ. ಪ್ಲೇಸ್ಟೇಷನ್ 3 ಒಂದು ವರ್ಷ ತಡವಾಗಿ, 499 ಮತ್ತು 599 ಡಾಲರ್ ಬೆಲೆಗೆ ಬಂತು. ಆ ಒಂದು ವರ್ಷದಲ್ಲಿ ಮೈಕ್ರೋಸಾಫ್ಟ್ ಬೇರು ಬಿಟ್ಟಿತ್ತು. ಎಕ್ಸ್‌ಬಾಕ್ಸ್ 360 ಕೊನೆಗೆ 8.4 ಕೋಟಿ ಮಾರಾಟವಾಯಿತು, ಹಿಂದಿನದರ ಮೂರು ಪಟ್ಟಿಗಿಂತ ಹೆಚ್ಚು. ಆಗಸ್ಟ್‌ನಲ್ಲಿ ಲೈನ್ ನಿಲ್ಲಿಸಿದ್ದರೆ ಕ್ರಿಸ್‌ಮಸ್ ತಪ್ಪುತ್ತಿತ್ತು. ಮೇಲಿನ ಕೋಣೆಯಲ್ಲಿ ದಿನಾಂಕ ಹಿಡಿದು ಕೂತವರು ತಮ್ಮ ಲೆಕ್ಕದಲ್ಲಿ ಗೆದ್ದರು. ಎಂಜಿನಿಯರ್ ಹೇಳಿದ್ದೂ ಅಕ್ಷರಶಃ ನಿಜವಾಯಿತು. ಎರಡೂ ಒಟ್ಟಿಗೆ ನಿಜ, ನನಗೆ ಕಿರಿಕಿರಿ ಮಾಡೋದು ಇದೇ. ನಡುವೆ ಸಿಕ್ಕಿಬಿದ್ದದ್ದು ಕೂಡಿಟ್ಟ ದುಡ್ಡಲ್ಲಿ ಡಬ್ಬ ತಂದ ಹುಡುಗ. 115 ಕೋಟಿ ಡಾಲರ್ ಸುರಿದು ತಪ್ಪು ತಿದ್ದುವ ತಾಕತ್ತು ಆ ಕಂಪನಿಗಿತ್ತು. ಅದಿಲ್ಲದ ಕಂಪನಿಗಳೂ ಇದೇ ಜೂಜು ಆಡ್ತವೆ, ಅವುಗಳ ಸೈನ್-ಆಫ್ ಮೇಲ್‌ನಲ್ಲಿ ನಮ್ಮ ನಿಮ್ಮ ಹೆಸರು ಇರುತ್ತೆ.

ಚಿಪ್‌ಗಳು ವರ್ಷ ವರ್ಷ ಚಿಕ್ಕದಾದವು, ಬಿಸಿ ಇಳಿಯಿತು. 2010ರಲ್ಲಿ ಪ್ರೊಸೆಸರ್, ಗ್ರಾಫಿಕ್ಸ್ ಎರಡನ್ನೂ ಒಂದೇ ಚಿಪ್‌ನಲ್ಲಿ ಸೇರಿಸಿದ ತೆಳು ಮಾದರಿ ಬಂತು. ಅದರ ಉಂಗುರದಲ್ಲಿ ಹಸಿರು ಮಾತ್ರ ಇತ್ತು, ಕೆಂಪು ಬೆಳಗುವ ದೀಪಗಳನ್ನೇ ತೆಗೆದುಬಿಟ್ಟಿದ್ದರು. 2021ರಲ್ಲಿ ಸಾಕ್ಷ್ಯಚಿತ್ರ ಬಂದಾಗ ಮೈಕ್ರೋಸಾಫ್ಟ್ ಅದೇ ಮೂರು ಕೆಂಪು ದೀಪದ ಪೋಸ್ಟರ್ ಒಂದನ್ನ ಮಾರಾಟಕ್ಕಿಟ್ಟಿತು. ಬೆಲೆ 24.99 ಡಾಲರ್.