ಗಾಳಿಗೆ ಮುಖ ಮಾಡಿ ನಡೆದವನು

ಪೆನ್ಸಿಲ್ವೇನಿಯಾದಲ್ಲಿರುವ ನನ್ನ ತಂಗಿಯ ಮಗಳು ಹೋದ ಸಲ ಊರಿಗೆ ಬಂದಿದ್ದಾಗ ತನ್ನ ನೆರೆಮನೆಯಾತನ ಸುದ್ದಿ ಹೇಳಿ ನಮ್ಮನ್ನೆಲ್ಲ ನಗಿಸಿದಳು. ಆತ ವರ್ಷವಿಡೀ ಮನೆಯಲ್ಲಿ ಒಂದು ಲೋಟ ತೊಳೆದಿಟ್ಟವನಲ್ಲವಂತೆ. ಅಕ್ಟೋಬರ್ ಬಂತೆಂದರೆ ಮಾತ್ರ ತನ್ನ ಬಟ್ಟೆಯನ್ನು ತಾನೇ ಒಗೆಯುತ್ತಾನೆ. ಅದಕ್ಕೆ ಬೇರೆಯೇ ಸಾಬೂನು, ಯಾವ ವಾಸನೆಯೂ ಇಲ್ಲದ್ದು. ಒಣಗಿದ ಮೇಲೆ ಬಟ್ಟೆಯನ್ನು ಮುಚ್ಚಳದ ಡಬ್ಬಿಯಲ್ಲಿ ತರಗೆಲೆಗಳ ಜೊತೆ ಇಡುತ್ತಾನೆ. ಅಡಿಗೆಮನೆಯಿಂದ ಬಂದ ಹೆಂಡತಿ ಅದರ ಹತ್ತಿರ ಸುಳಿಯುವಂತಿಲ್ಲ. “ಬಿಲ್ಲು ಬಾಣ ಹಿಡಿದು ಜಿಂಕೆ ಹೊಡೆಯೋಕೆ ಹೋಗ್ತಾನೆ ದೊಡ್ಡಮ್ಮ, ಅದಕ್ಕೇ ಇಷ್ಟೆಲ್ಲ ಮಡಿ” ಎಂದಳು. ಅಷ್ಟೇ ಅಲ್ಲ, ಅಲ್ಲಿನ ಅಂಗಡಿಗಳಲ್ಲಿ ಬೆದೆಗೆ ಬಂದ ಹೆಣ್ಣು ಜಿಂಕೆಯ ಮೂತ್ರವನ್ನು ಸಣ್ಣ ಬಾಟಲಿಗಳಲ್ಲಿ ತುಂಬಿ ಮಾರುತ್ತಾರೆ ಎಂದಾಗ ನಮ್ಮಮ್ಮ ಸೆರಗಿನಿಂದ ಮೂಗು ಮುಚ್ಚಿಕೊಂಡರು.

ನಗುವ ವಿಷಯವೇ ಆದರೂ ಅದರಲ್ಲಿ ಲೆಕ್ಕಾಚಾರವಿದೆ. ಅಮೆರಿಕದ ಬಿಳಿ ಬಾಲದ ಜಿಂಕೆ ಬದುಕುವುದೇ ಮೂಗಿನಿಂದ. ಅದರ ಹಿಂಗಾಲಿನ ಕೀಲಿನ ಬಳಿ, ಗೊರಸುಗಳ ನಡುವೆ, ಹಣೆಯಲ್ಲಿ ವಾಸನೆಯ ಗ್ರಂಥಿಗಳಿವೆ. ಬೆದೆಯ ಕಾಲದಲ್ಲಿ, ಹೆಚ್ಚಾಗಿ ನವೆಂಬರಿನಲ್ಲಿ, ಗಂಡು ಜಿಂಕೆ ಬಾಗಿದ ಕೊಂಬೆಯ ಕೆಳಗೆ ನೆಲ ಕೆದಕಿ, ತನ್ನ ಹಿಂಗಾಲಿನ ಮೇಲೆ ಹರಿಯುವಂತೆ ಮೂತ್ರ ಮಾಡಿ ಗುರುತು ಬಿಟ್ಟು ಹೋಗುತ್ತದೆ. ಅದು ಉಳಿದ ಜಿಂಕೆಗಳಿಗೆ ಬರೆದಿಟ್ಟ ಕಾಗದವಿದ್ದಂತೆ. ಬೇಟೆಗಾರ ಬಾಟಲಿಯ ದ್ರವವನ್ನು ಬಟ್ಟೆಯ ಚೂರಿಗೆ ಹನಿಸಿ ಅಂಥದ್ದೇ ಕಾಗದವನ್ನು ಸುಳ್ಳು ರುಜು ಹಾಕಿ ಬರೆಯುತ್ತಾನೆ. ಬಂದೂಕಿನವನಿಗೆ ನೂರಾರು ಗಜ ದೂರ ಸಾಕು. ಬಿಲ್ಲಿನವನು ಇಪ್ಪತ್ತು ಮೂವತ್ತು ಗಜದೊಳಗೆ ಹೋಗಬೇಕು, ಇಲ್ಲವೆ ಜಿಂಕೆಯೇ ಅಷ್ಟು ಹತ್ತಿರ ಬರಬೇಕು. ತನ್ನ ವಾಸನೆಯನ್ನು ಕಳೆದುಕೊಳ್ಳುವುದು, ಬೇರೆ ವಾಸನೆಯನ್ನು ತೋರಿಸುವುದು, ಎರಡೂ ಅದಕ್ಕಾಗಿ. ನಮ್ಮ ಹಳಗನ್ನಡದಲ್ಲಿ ‘ದೀವದ ಮಿಗ’ ಎಂಬ ಮಾತಿದೆ, ಬೇರೆ ಮೃಗಗಳನ್ನು ಸೆಳೆಯಲು ಬೇಡರು ಪಳಗಿಸಿ ಇಟ್ಟುಕೊಂಡ ಮೃಗ. ಈ ಬಾಟಲಿಯೂ ಒಂದು ದೀವವೇ.

ಬಂದೂಕು ಬಂದ ಮೇಲೆ ಮೂಲೆಗೆ ಸೇರಿದ್ದ ಬಿಲ್ಲು ಅಮೆರಿಕದ ಬೇಟೆಗಾರರ ಕೈಗೆ ಮತ್ತೆ ಬಂದದ್ದು ಹೇಗೆ ಎಂದು ಹುಡುಕಿದರೆ ಇಶಿ ಎಂಬಾತನ ಹೆಸರು ಎದುರಾಗುತ್ತದೆ. ಅವನ ಕಥೆಯನ್ನು ಬರೆದವರು ಥಿಯೊಡೋರಾ ಕ್ರೋಬರ್ ಎಂಬ ಹೆಣ್ಣುಮಗಳು. ಆಕೆ ಅವನನ್ನು ಕಂಡವರೇ ಅಲ್ಲ. ಅವನು ತೀರಿಕೊಂಡು ಎಷ್ಟೋ ವರ್ಷಗಳ ಮೇಲೆ, ಪತಿಯ ಹಳೆಯ ಟಿಪ್ಪಣಿಗಳನ್ನೂ ಅವನನ್ನು ಬಲ್ಲವರ ಬರಹಗಳನ್ನೂ ಆಧರಿಸಿ ಬರೆದ ಪುಸ್ತಕ 1961ರಲ್ಲಿ ಬಂತು.

ಇಶಿ ಕ್ಯಾಲಿಫೋರ್ನಿಯಾದ ಯಾಹಿ ಎಂಬ ಸಣ್ಣ ಬುಡಕಟ್ಟಿನವನು. ಅವರ ಜನ ಕೆಲವು ನೂರರಷ್ಟೇ. ಮಿಲ್ ಕ್ರೀಕ್, ಡೀರ್ ಕ್ರೀಕ್ ಎಂಬ ಹೊಳೆಗಳ ಕಮರಿಗಳಲ್ಲಿ ಜಿಂಕೆ, ಸಾಮನ್ ಮೀನು, ಓಕ್ ಮರದ ಬೀಜ ಇವುಗಳ ಮೇಲೆ ಬದುಕಿದ್ದರು. ಹೆಂಗಸರು ಆ ಬೀಜವನ್ನು ಕುಟ್ಟಿ, ನೀರು ಹಾಯಿಸಿ ಕಹಿ ತೆಗೆದು, ನೀರು ಸೋರದಂತೆ ಹೆಣೆದ ಬುಟ್ಟಿಯಲ್ಲಿ ಕಾದ ಕಲ್ಲುಗಳನ್ನು ಹಾಕಿ ಅಂಬಲಿ ಬೇಯಿಸುತ್ತಿದ್ದರು. 1848ರಲ್ಲಿ ಆ ಸೀಮೆಯಲ್ಲಿ ಚಿನ್ನ ಸಿಕ್ಕಿತು. ಬಿಳಿಯರ ಜನಪ್ರವಾಹ ಬಂತು. ಇಪ್ಪತ್ತೈದು ವರ್ಷ ತುಂಬುವುದರೊಳಗೆ ಯಾಹಿಗಳು ಮುಗಿದೇ ಹೋದರು ಎನ್ನುವ ಹಾಗಾಯಿತು.

ಮನುಷ್ಯರನ್ನೂ ವಾಸನೆ ಹಿಡಿದು ಬೇಟೆಯಾಡಿದ ಕಥೆ ಇದು. 1870ರ ಆಸುಪಾಸಿನಲ್ಲಿ ನಾಲ್ವರು ದನಗಾರರು, ಒಂದು ಹೋರಿ ಗಾಯಗೊಂಡದ್ದನ್ನು ಕಂಡು, ನಾಯಿಗಳನ್ನು ಬಿಟ್ಟು ಜಾಡು ಹಿಡಿದು ಯಾಹಿಗಳನ್ನು ಗುಹೆಯೊಂದರಲ್ಲಿ ಸಿಕ್ಕಿಸಿದರು. ಸುಮಾರು ಮೂವತ್ತು ಜನರನ್ನು, ಮಕ್ಕಳನ್ನೂ ಬಿಡದೆ, ಕೊಂದರು. ಅವರಲ್ಲೊಬ್ಬ, ದೊಡ್ಡ ಬಂದೂಕಿನ ಗುಂಡು ಕೂಸುಗಳನ್ನು ತೀರಾ ಛಿದ್ರ ಮಾಡುತ್ತದೆಂದು ಪಿಸ್ತೂಲಿಗೆ ಬದಲಾಯಿಸಿಕೊಂಡನೆಂದು ದಾಖಲಾಗಿದೆ. ಮೂವತ್ತು ವರ್ಷದಿಂದ ಇತಿಹಾಸ ಪಾಠ ಮಾಡುತ್ತಿದ್ದೇನೆ, ಯುದ್ಧಗಳ ಸಾವಿನ ಸಂಖ್ಯೆ ಬರೆಸಿದ್ದೇನೆ. ಈ ಒಂದು ವಾಕ್ಯವನ್ನು ಮಾತ್ರ ಮಕ್ಕಳೆದುರು ಓದಲು ನನ್ನಿಂದಾಗಿಲ್ಲ.

ಉಳಿದ ಬೆರಳೆಣಿಕೆಯ ಜನ ಅಲ್ಲಿಂದ ಮುಂದೆ ಸುಮಾರು ನಲವತ್ತು ವರ್ಷ ಅಡಗಿ ಬಾಳಿದರು. ಹೆಜ್ಜೆ ಮೂಡದಂತೆ ಕಲ್ಲಿನಿಂದ ಕಲ್ಲಿಗೆ ಕಾಲಿಟ್ಟು ನಡೆದರು, ಮೂಡಿದ ಹೆಜ್ಜೆಯ ಮೇಲೆ ಎಲೆ ಹರಡಿದರು. ಒಲೆಯ ಹೊಗೆ ಮೇಲೇಳದಂತೆ ಪುಟ್ಟ ಬೆಂಕಿ ಮಾಡಿದರು. ಬೇಟೆಗಾರನ ವಿದ್ಯೆಯೆಲ್ಲ ಬೇಟೆಗೆ ಗುರಿಯಾದವರ ವಿದ್ಯೆಯಾಯಿತು. ಕೊನೆಗೆ ಉಳಿದವರು ನಾಲ್ಕೇ ಜನ. 1908ರ ನವೆಂಬರಿನಲ್ಲಿ ಮೋಜಣಿಯವರ ತಂಡವೊಂದು ಅವರ ಬಿಡಾರಕ್ಕೆ ಬಂದುಬಿಟ್ಟಿತು. ಉಳಿದವರು ಓಡಿದರು, ನಡೆಯಲಾರದ ಮುದುಕಿ, ಇಶಿಯ ತಾಯಿ, ಹೊದಿಕೆಯ ಕೆಳಗೆ ಮಲಗಿದ್ದಳು. ಬಂದವರು ಆಕೆಯನ್ನು ಏನೂ ಮಾಡಲಿಲ್ಲ. ಆದರೆ ಬಿಲ್ಲು, ಬಾಣ, ಬುಟ್ಟಿ, ಕೂಡಿಟ್ಟ ಆಹಾರ ಎಲ್ಲವನ್ನೂ ನೆನಪಿನ ಕಾಣಿಕೆಗಳೆಂದು ಹೊತ್ತುಕೊಂಡು ಹೋದರು. ಚಳಿಗಾಲದ ಬಾಗಿಲಲ್ಲಿ ಒಂದು ಮನೆಯ ಉಗ್ರಾಣವನ್ನು ಬರಿದು ಮಾಡುವುದೆಂದರೇನೆಂದು ಸಂಸಾರ ಮಾಡಿದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ತಾಯಿ ಬೇಗನೆ ತೀರಿಕೊಂಡಳು. ಓಡಿಹೋದ ಇಬ್ಬರು ಮತ್ತೆ ಸಿಗಲಿಲ್ಲ. ಇಶಿ ಒಬ್ಬನೇ ಮೂರು ವರ್ಷ ಕಾಡಿನಲ್ಲಿದ್ದ.

1911ರ ಆಗಸ್ಟ್ 29ರಂದು ಓರೊವಿಲ್ ಎಂಬ ಊರಿನ ಕಸಾಯಿಖಾನೆಯಲ್ಲಿ ನಾಯಿಗಳು ಬೊಗಳಿದವು. ಬೇಲಿಯ ಹತ್ತಿರ ಬಡಕಲಾದ ಮನುಷ್ಯನೊಬ್ಬ ಕುಸಿದು ಕೂತಿದ್ದ. ಐವತ್ತರ ಆಸುಪಾಸಿನ ವಯಸ್ಸು, ಸತ್ತವರ ಶೋಕಕ್ಕಾಗಿ ಕೂದಲನ್ನು ಸುಟ್ಟು ಮೋಟು ಮಾಡಿಕೊಂಡಿದ್ದ. ಅವನನ್ನು ಸೆರೆಮನೆಯಲ್ಲಿಟ್ಟರು. ಅವನ ಮಾತು ಯಾರಿಗೂ ತಿಳಿಯಲಿಲ್ಲ. ವಿಶ್ವವಿದ್ಯಾಲಯದಿಂದ ಬಂದ ವಾಟರ್‌ಮನ್ ಎಂಬುವರು ಯಾನ ಭಾಷೆಯ ಪದಪಟ್ಟಿಯೊಂದನ್ನು ಹಿಡಿದು ಒಂದೊಂದೇ ಪದ ಓದುತ್ತ ಹೋದರು. ಅವನು ಸುಮ್ಮನಿದ್ದ. ‘ಸಿವಿನಿ’ ಎಂದು ಓದಿ ಮಂಚದ ಕಟ್ಟಿಗೆಯನ್ನು ತಟ್ಟಿದಾಗ ಅವನ ಮುಖ ಅರಳಿತು. ಸಿವಿನಿ ಎಂದರೆ ಪೈನ್ ಮರ, ಮಂಚ ಅದರಿಂದ ಮಾಡಿದ್ದು. ಮೂರು ವರ್ಷದ ಮೇಲೆ ಇನ್ನೊಬ್ಬರ ಬಾಯಿಂದ ತನ್ನ ಮಾತು ಕೇಳಿದ್ದ. ಎಷ್ಟೋ ಪಾಠ ಮಾಡಿದ್ದೇನೆ, ಒಂದೇ ಪದದ ಇಂಥ ಪಾಠ ಇನ್ನೊಂದು ಗೊತ್ತಿಲ್ಲ.

ಅವನನ್ನು ಸ್ಯಾನ್‌ಫ್ರಾನ್ಸಿಸ್ಕೋದ ವಸ್ತುಸಂಗ್ರಹಾಲಯಕ್ಕೆ ಕರೆದೊಯ್ದರು. ಪ್ರೊಫೆಸರ್ ಆಲ್ಫ್ರೆಡ್ ಕ್ರೋಬರ್, ಥಿಯೊಡೋರಾ ಮುಂದೆ ಮದುವೆಯಾದದ್ದು ಇವರನ್ನೇ, ಅವನಿಗೆ ಅಲ್ಲಿಯೇ ವಾಸದ ವ್ಯವಸ್ಥೆ ಮಾಡಿದರು. ತನ್ನ ಹೆಸರನ್ನು ಅವನು ಯಾರಿಗೂ ಹೇಳಲಿಲ್ಲ, ಅವರಲ್ಲಿ ಹಾಗೆ ಹೇಳುವ ರೂಢಿಯಿಲ್ಲ. ಇಶಿ ಎಂದರೆ ಅವರ ಭಾಷೆಯಲ್ಲಿ ‘ಮನುಷ್ಯ’ ಎಂದಷ್ಟೇ. ಪಕ್ಕದಲ್ಲೇ ಇದ್ದ ವೈದ್ಯಶಾಲೆಯ ಶಸ್ತ್ರವೈದ್ಯ ಸ್ಯಾಕ್ಸ್‌ಟನ್ ಪೋಪ್ ಅವನ ಗೆಳೆಯರಾದರು, ಶಿಷ್ಯರೂ ಆದರು. ಜೂನಿಪರ್ ಮರದಿಂದ ಬಿಲ್ಲು ಮಾಡುವುದನ್ನು, ಬಾಟಲಿಯ ಗಾಜನ್ನೂ ಚೂಪಾದ ಬಾಣದ ಮೊನೆಯಾಗಿಸುವುದನ್ನು ಅವನಿಂದ ಕಲಿತರು. 1914ರಲ್ಲಿ ಎಲ್ಲರೂ ಸೇರಿ ಅವನ ಹಳೆಯ ಕಾಡಿಗೆ ಹೋದರು. ಅವನಿಗೆ ಮೊದಲು ಮನಸ್ಸಿರಲಿಲ್ಲ, ತನ್ನವರೆಲ್ಲ ಸತ್ತ ಜಾಗ ಅದು.

ಇಶಿ ಜಿಂಕೆಬೇಟೆಗೆ ಸಿದ್ಧನಾಗುತ್ತಿದ್ದ ಬಗೆಯನ್ನು ಪೋಪ್ ಬರೆದಿಟ್ಟಿದ್ದಾರೆ. ಬೇಟೆಯ ಹಿಂದಿನ ದಿನ ಮೀನು ತಿನ್ನುತ್ತಿರಲಿಲ್ಲ, ಹೊಗೆಸೊಪ್ಪಿನ ಸೋಂಕೂ ಕೂಡದು. ಬೆಳಗಿನ ಜಾವ ಎದ್ದು ಹೊಳೆಯಲ್ಲಿ ಮಿಂದು, ಬಾಯಿ ತೊಳೆದು, ಪುದೀನದ ಜಾತಿಯ ಪರಿಮಳದ ಎಲೆಗಳಿಂದ ಮೈ ಉಜ್ಜಿಕೊಂಡು, ಬರಿಹೊಟ್ಟೆಯಲ್ಲಿ ಹೊರಡುತ್ತಿದ್ದ. ಗಾಳಿ ತನ್ನ ಮುಖಕ್ಕೆ ಬೀಸುವ ದಿಕ್ಕಿನಿಂದಲೇ ಹತ್ತಿರವಾಗುತ್ತಿದ್ದ. ಜಿಂಕೆಯನ್ನೂ ನರಿಯನ್ನೂ ಕಣ್ಣಿಗೆ ಬೀಳುವ ಮೊದಲೇ ವಾಸನೆಯಿಂದ ತಿಳಿಯುತ್ತಿದ್ದ. ಹುಲ್ಲು ತುಂಬಿದ ಜಿಂಕೆಯ ತಲೆಯನ್ನು ಟೊಪ್ಪಿಗೆಯಂತೆ ಧರಿಸಿ ಪೊದೆಯ ಹಿಂದೆ ಅದನ್ನು ಅಲುಗಿಸಿ ನಿಜವಾದ ಜಿಂಕೆಗೆ ಕುತೂಹಲ ಹುಟ್ಟಿಸುತ್ತಿದ್ದ. ಆ ಕಾಡಿನದು ಕಪ್ಪು ಬಾಲದ ಜಿಂಕೆ, ಪೆನ್ಸಿಲ್ವೇನಿಯಾದ್ದಲ್ಲ. ಮೂಗು ಮಾತ್ರ ಎರಡಕ್ಕೂ ಒಂದೇ ಚುರುಕು. ತಂಗಿಯ ಮಗಳು ಹೇಳಿದ ಮಡಿಯೆಲ್ಲ ಇಲ್ಲೇ ಇದೆ ನೋಡಿ, ಸಾಬೂನು ಮತ್ತು ಡಬ್ಬಿ ಬಿಟ್ಟು.

ಪೋಪ್ 1923ರಲ್ಲಿ ಬಿಲ್ಲುಬೇಟೆಯ ಬಗ್ಗೆ ಪುಸ್ತಕ ಬರೆದರು. ಅದನ್ನು ಓದಿ ಎಷ್ಟೋ ಜನ ಬಿಲ್ಲು ಹಿಡಿದರು. 1934ರಲ್ಲಿ ವಿಸ್ಕಾನ್ಸಿನ್ ರಾಜ್ಯ ಬಿಲ್ಲಿನ ಜಿಂಕೆಬೇಟೆಗೇ ಕಾನೂನಿನಲ್ಲಿ ಪ್ರತ್ಯೇಕ ದಿನಗಳನ್ನು ಕೊಟ್ಟಿತು. 1961ರಲ್ಲಿ ಪೋಪ್ ಮತ್ತು ಅವರ ಬೇಟೆಯ ಜೊತೆಗಾರ ಆರ್ಥರ್ ಯಂಗ್ ಹೆಸರಿನಲ್ಲಿ ಬಿಲ್ಲುಗಾರರ ಸಂಘ ಹುಟ್ಟಿತು. ಸಂಘದ ಹೆಸರಿನಲ್ಲಿ ಶಿಷ್ಯನಿದ್ದಾನೆ, ಗುರುವಿಲ್ಲ. ಬೇಟೆಯಾಡುವವರೆಲ್ಲ ಕೆಟ್ಟವರೆಂದು ನಾನೇನೂ ಹೇಳುವುದಿಲ್ಲ. ತೋಳಗಳು ಇಲ್ಲವಾದ ಆ ಸೀಮೆಗಳಲ್ಲಿ ಜಿಂಕೆಗಳ ಸಂಖ್ಯೆ ಮಿತಿಯಲ್ಲಿರಬೇಕಾದರೆ ಬೇಟೆ ಬೇಕೆಂಬ ಮಾತಿನಲ್ಲಿ ಸತ್ಯವಿದೆ. ಆದರೆ ಬಾಟಲಿಯ ವ್ಯಾಪಾರಕ್ಕೆ ಅದರದೇ ಪೇಚು ಬಂದಿದೆ. 1967ರಲ್ಲಿ ಕೊಲರಾಡೊದಲ್ಲಿ ಮೊದಲು ಕಂಡ, ಜಿಂಕೆಗಳನ್ನು ಬಡಕಲಾಗಿಸಿ ಕೊಲ್ಲುವ ಒಂದು ಮಿದುಳಿನ ರೋಗ ಮೂತ್ರದಲ್ಲೂ ಹರಡಬಹುದೆಂದು ತಿಳಿದ ಮೇಲೆ, 2015ರಲ್ಲಿ ವರ್ಜೀನಿಯಾ ಅಸಲಿ ಜಿಂಕೆಮೂತ್ರದ ಬಳಕೆಯನ್ನು ನಿಷೇಧಿಸಿತು.

ಇಶಿ 1916ರ ಮಾರ್ಚ್ 25ರಂದು ಕ್ಷಯದಿಂದ ಸತ್ತ. ಅವನ ದೇಹವನ್ನು ಕೊಯ್ಯಬಾರದು, ವಿಜ್ಞಾನದ ನೆಪ ಹೇಳಿದರೆ ವಿಜ್ಞಾನವೇ ಹಾಳಾಗಿ ಹೋಗಲಿ ಎಂಬ ಅರ್ಥದಲ್ಲಿ ಕ್ರೋಬರ್ ನ್ಯೂಯಾರ್ಕಿನಿಂದ ಕಾಗದ ಬರೆದರು. ಅದು ತಲುಪುವ ಹೊತ್ತಿಗೆ ಕೊಯ್ದಾಗಿತ್ತು. ಆಮೇಲೆ ಅದೇ ಕ್ರೋಬರ್ ಅವನ ಮಿದುಳನ್ನು ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ಸಂಸ್ಥೆಗೆ ಕಳಿಸಿದರು. ಯಾಕೆ ಹಾಗೆ ಮಾಡಿದರೋ, ನನಗಂತೂ ಒಗಟು. ಎಂಬತ್ತಕ್ಕೂ ಹೆಚ್ಚು ವರ್ಷ ಅದು ಅಲ್ಲಿಯೇ ಇತ್ತು. 2000ದಲ್ಲಿ ಯಾನ ಜನರ ವಂಶದವರು ಅದನ್ನು ಕೇಳಿ ಪಡೆದು, ಸ್ಮಶಾನದಲ್ಲಿದ್ದ ಅವನ ಬೂದಿಯ ಜೊತೆ ಕಾಡಿಗೆ ಕೊಂಡೊಯ್ದು ಮಣ್ಣು ಮಾಡಿದರು. ಜಾಗ ಎಲ್ಲಿದೆಯೆಂದು ಹೊರಗಿನವರಿಗೆ ಹೇಳಿಲ್ಲ.